ಕಾವಲಿನ ಖರ್ಚು

ಹೋದ ತಿಂಗಳು ದವಡೆ ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದೆ. ಡಾಕ್ಟರು ಹತ್ತಿಯನ್ನು ಲವಂಗದೆಣ್ಣೆಯಲ್ಲಿ ಅದ್ದಿ ಒಸಡಿಗೆ ಒತ್ತಿದ ಕೂಡಲೇ ನನಗೆ ಸಿಟ್ಟು ಬಂತು. ಡಾಕ್ಟರ ಮೇಲಲ್ಲ. ಆ ವಾಸನೆಯ ಜೊತೆಗೆ ಶಿಕಾಗೋ ಪಕ್ಕದ ಡೌನರ್ಸ್ ಗ್ರೋವ್‌ನ ಒಂದು ಎರಡಂತಸ್ತಿನ ಕಟ್ಟಡ, ಅದರ ಮೆಟ್ಟಿಲ ಮೇಲಿನ ಒದ್ದೆ ಕಾರ್ಪೆಟ್ಟು, 2001ರ ಅಕ್ಟೋಬರಿನಿಂದ ಮರುವರ್ಷದ ಬೇಸಿಗೆಯವರೆಗಿನ ದಿನಗಳು ಎಲ್ಲ ಒಟ್ಟಿಗೇ ನುಗ್ಗಿ ಬಂದವು. ಆ ಕಟ್ಟಡದ ಕೆಳಗೆ ಹಲ್ಲಿನ ಡಾಕ್ಟರ ಶಾಪು, ಮೇಲೆ ನಮ್ಮ ಸಂಘದ ಆಫೀಸು. ಅವರ ಲವಂಗದೆಣ್ಣೆಯ ವಾಸನೆ ನಮ್ಮ ಕಡತಗಳಿಗೆಲ್ಲ ಹತ್ತಿಕೊಂಡಿತ್ತು.

ಸಂಘ ಎಂದೊಡನೆ ನಮ್ಮ ಕನ್ನಡದವರು ಯುಗಾದಿ ಊಟ ಯಾವಾಗ ಎಂದು ಕೇಳುತ್ತಿದ್ದರು. ನಮ್ಮದು ಅಂಥ ಸಂಘವಲ್ಲ. ಮಿಶಿಗನ್, ಇಲಿನಾಯ್ ಕಡೆ ಕೆಲವು ಸಣ್ಣ ಊರುಗಳಿಗೆ ತಮ್ಮದೇ ಕರೆಂಟ್ ಇಲಾಖೆ ಇದೆ. ಕಂಬ, ತಂತಿ, ಮೀಟರು ಎಲ್ಲವೂ ಊರಿನದೇ, ನಡುವೆ ಲಾಭದ ಕಂಪನಿ ಇಲ್ಲ. ಸರ್ಕಾರದ ಅಣೆಕಟ್ಟಿನಲ್ಲಿ ಹುಟ್ಟುವ ವಿದ್ಯುತ್ತನ್ನು, ತಗಲಿದ ಖರ್ಚನ್ನಷ್ಟೇ ಪಡೆದು, ಮೊದಲು ಇಂಥ ಊರುಗಳಿಗೇ ಕೊಡಬೇಕೆಂಬುದು ನಿಯಮ. ಆದರೆ ಖರ್ಚು ಎಂದರೆ ಏನೇನು? ಅದರೊಳಗೆ ಯಾವುದನ್ನು ಸೇರಿಸಬಹುದು, ಯಾವುದನ್ನು ಕೂಡದು? ಅಣೆಕಟ್ಟು ನೋಡಿಕೊಳ್ಳುವ ಇಲಾಖೆಯ ಜೊತೆ ಇದೇ ವಿಷಯಕ್ಕೆ ವರ್ಷವಿಡೀ ಜಗಳವಾಡುವುದೇ ನಮ್ಮ ಸಂಘದ ಕೆಲಸ. ನಾನು ಅದರ ನಿರ್ದೇಶಕಿ. ನನ್ನ ಕೆಳಗೆ ಡೋನಾ ಎಂಬ ಒಬ್ಬ ಸಹಾಯಕಿ, ಮೇಲೆ ಹತ್ತು ಊರುಗಳ ಹತ್ತು ಮಂದಿಯ ಮಂಡಳಿ.

ಒಂದು ರಾಜ್ಯೋತ್ಸವದ ಊಟದಲ್ಲಿ ಮೈಸೂರಿನ ಕಡೆಯ ಹಿರಿಯರೊಬ್ಬರು ಕೇಳಿದ್ದರು.

"ಡ್ಯಾಮಾ? ಹಂಗಾದ್ರೆ ನಿಮ್ದು ನೀರಾವರಿ ಇಲಾಖೆ ಅನ್ನಿ."

"ನೀರಲ್ಲ ಅಂಕಲ್, ಕರೆಂಟು."

"ಓ, ಕರೆಂಟ್ ಕಂಪನೀಲಿ."

"ಕಂಪನಿ ಅಲ್ಲ. ಕರೆಂಟ್ ಕೊಳ್ಳೋರ ಪರವಾಗಿ."

"ಕೊಳ್ಳೋರು ನಾವೆಲ್ಲಾ ಇದೀವಲ್ಲಮ್ಮಾ, ಅದರಲ್ಲಿ ಕೆಲಸ ಏನ್ ಬಂತು?"

ನಮ್ಮಪ್ಪ ಹರಿಹರದಲ್ಲಿ ಮೀಟರ್ ರೀಡರ್ ಆಗಿದ್ದರು. ಬಿಲ್ಲು ಜಾಸ್ತಿ ಬಂದಾಗ ಜನ ಮೊದಲು ಬಯ್ಯುವುದು ಮೀಟರ್ ಓದುವವನನ್ನು. ಸಂಜೆ ಅಪ್ಪ ಸೈಕಲ್ ಒಳಗೆ ತರುವ ರೀತಿ ನೋಡಿಯೇ ಈವತ್ತು ಎಷ್ಟು ಮನೆಯಲ್ಲಿ ಬೈಸಿಕೊಂಡರೆಂದು ನಮಗೆ ಗೊತ್ತಾಗುತ್ತಿತ್ತು. ಬಿಲ್ಲಿನ ಒಂದೊಂದು ಸಾಲೂ ಎಲ್ಲಿಂದ ಬಂತೆಂದು ಕೇಳುವ ಚಟ ನನಗೆ ಅಲ್ಲಿಂದಲೇ ಹತ್ತಿತು. ಅಪ್ಪನ ಹೆಸರು ಮೊಹಮ್ಮದ್ ಗೌಸ್. ಮದುವೆಯಾದ ಮೇಲೂ ನನ್ನ ಕಾಗದಪತ್ರಗಳಲ್ಲಿ ಅದೇ ಹೆಸರು ಉಳಿದಿತ್ತು: ಮೆಹರುನ್ನೀಸಾ ಮೊಹಮ್ಮದ್ ಗೌಸ್. ಅಮೆರಿಕದವರು ಮೆಹರ್ ಎನ್ನುತ್ತಿದ್ದರು. ಐದು ವರ್ಷ ಅಷ್ಟೇ ಸಾಕಾಗಿತ್ತು.

ಅವಳಿ ಗೋಪುರಗಳು ಉರುಳಿದ ಆ ಸೆಪ್ಟೆಂಬರಿನ ನಂತರ ಅಷ್ಟು ಸಾಕಾಗಲಿಲ್ಲ.

ಪ್ರತಿ ಅಕ್ಟೋಬರಿನಲ್ಲಿ ಮಂಡಳಿಯ ಸದಸ್ಯರೆಲ್ಲ ಸೇರಿ ಮಿಶಿಗನ್ನಿನ ಉತ್ತರದಲ್ಲಿರುವ ಅಣೆಕಟ್ಟು ನೋಡಲು ಹೋಗುವುದು ವಾಡಿಕೆ. ಆ ವರ್ಷ ಹೋಗುವುದೋ ಬೇಡವೋ ಎಂಬ ಮಾತು ಬಂದಾಗ, ಹೋಗಲೇಬೇಕು ಎಂದವಳು ನಾನೇ. ಅದೇ ರಾಜ್ಯದ ಆನ್ ಆರ್ಬರ್‌ನಲ್ಲಿ ಎಲ್ಲರೂ ಕೂಡಿ ಬಾಡಿಗೆಯ ವ್ಯಾನಿನಲ್ಲಿ ಹೊರಟೆವು. ಮಂಡಳಿಯ ಅಧ್ಯಕ್ಷ ಹೆರಾಲ್ಡ್ ನನ್ನ ಪಕ್ಕದಲ್ಲಿದ್ದ. ಮಿಶಿಗನ್ನಿನ ಒಂದು ಚಿಕ್ಕ ಊರಿನ ಕರೆಂಟ್ ಇಲಾಖೆಯ ಮುಖ್ಯಸ್ಥ. ಕಂಬ ಹತ್ತುವ ಲೈನ್‌ಮನ್ ಆಗಿ ಸೇರಿ ಮೇಲೆ ಬಂದವನು. ಒಂದು ಕೈಯ ಎರಡು ಬೆರಳು ಮಡಚಲು ಬರುತ್ತಿರಲಿಲ್ಲ. ಮಾತು ಕಡಿಮೆ, ಆಡಿದ್ದು ನೇರ. ನನ್ನನ್ನು ಈ ಕೆಲಸಕ್ಕೆ ಆರಿಸಿದ್ದು ಅವನೇ.

ಅಣೆಕಟ್ಟಿನ ಮುಂದೆ ಹೊಸ ಗೇಟು, ಹೊಸ ತಂತಿಬೇಲಿ. ನಡುವಯಸ್ಸಿನ ಕಾವಲುಗಾರನೊಬ್ಬ ಎಲ್ಲರ ಡ್ರೈವಿಂಗ್ ಲೈಸೆನ್ಸ್ ತೆಗೆದುಕೊಂಡು ಒಳಗೆ ಹೋದ. ತಿರುಗಿ ಬಂದಾಗ ಕೈಯಲ್ಲಿ ಹತ್ತು ಮಾತ್ರ ಇದ್ದವು.

"ಮೇಡಂ, ನಿಮ್ಮ ಹೆಸರಿನಂಥ ಹೆಸರು ಒಂದು ಪಟ್ಟಿಯಲ್ಲಿದೆ. ಮೇಲಿನವರ ಫೋನ್ ಬರೋವರೆಗೂ ನಿಮ್ಮನ್ನ ಒಳಗೆ ಬಿಡೋ ಹಾಗಿಲ್ಲ. ನನ್ನ ಕೈಯಲ್ಲಿ ಏನೂ ಇಲ್ಲ."

ಮರ್ಯಾದೆಯಿಂದಲೇ ಹೇಳಿದ. ಒರಟಾಗಿ ಹೇಳಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ವ್ಯಾನಿನಲ್ಲಿದ್ದವರು ತಮ್ಮ ತಮ್ಮ ಲೈಸೆನ್ಸ್ ತೆಗೆದುಕೊಂಡರು. ಕೊನೆಗೆ ಹೆರಾಲ್ಡ್, "ಹಾಗಾದ್ರೆ ಯಾರೂ ಹೋಗೋದು ಬೇಡ, ವಾಪಸ್ ಹೋಗೋಣ" ಎಂದ.

"ಇಷ್ಟು ದೂರ ಬಂದಿದ್ದೀರಿ. ಹೋಗಿಬನ್ನಿ. ನಾನು ಕೂತಿರ್ತೀನಿ" ಎಂದೆ.

ಹೋದರು. ಹತ್ತೂ ಜನ ಹೋದರು. ನಾನು ಮರ್ಯಾದೆಗೆ ಆಡಿದ ಮಾತನ್ನು ಅವರು ಅಷ್ಟು ಬೇಗ ಒಪ್ಪಿಕೊಳ್ಳುತ್ತಾರೆಂದು ನಾನು ಎಣಿಸಿರಲಿಲ್ಲ. ಕೆರೆಯಂಥ ನೀರಿನ ಕಡೆಯಿಂದ ಗಾಳಿ ಬೀಸಿ ವ್ಯಾನು ಅಲುಗುತ್ತಿತ್ತು. ಎರಡೂವರೆ ಗಂಟೆ ಕೂತೆ. ಕಾವಲುಗಾರ ಒಮ್ಮೆ ಕಾಫಿ ತಂದುಕೊಟ್ಟ. ಫೋನು ಬರಲೇ ಇಲ್ಲ.

ತಿರುಗಿ ಬರುವಾಗ ಹೊಸ ಜನರೇಟರಿನ ಬಗ್ಗೆ ಎಲ್ಲರೂ ಮಾತಾಡುತ್ತಿದ್ದರು. ನನ್ನನ್ನು ಕಂಡು ದನಿ ತಗ್ಗಿಸಿದರು. ಮಾತಿಗಿಂತ ಆ ದನಿ ತಗ್ಗಿಸಿದ್ದು ನನ್ನನ್ನು ಹೆಚ್ಚು ಕೆರಳಿಸಿತು.

ಜನವರಿಯಲ್ಲಿ ಅಣೆಕಟ್ಟಿನ ಇಲಾಖೆಯ ಕಾಗದ ಬಂತು. ಅಣೆಕಟ್ಟಿಗೆ ಹಾಕಿದ ಬೇಲಿ, ಕ್ಯಾಮೆರಾ, ದೀಪ, ಹಗಲೂ ರಾತ್ರಿ ಪಾಳಿಯ ಕಾವಲುಗಾರರು, ಇವೆಲ್ಲದರ ಖರ್ಚನ್ನೂ ಬರುವ ವರ್ಷದಿಂದ ಕರೆಂಟಿನ ದರಕ್ಕೆ ಸೇರಿಸುತ್ತೇವೆ ಎಂದು ಬರೆದಿದ್ದರು. ನನ್ನನ್ನು ತಡೆದವನ ಸಂಬಳದ ಬಿಲ್ಲು ನನ್ನ ಮೇಜಿಗೇ ಬಂದಿತ್ತು. ಡೋನಾ ಓದಿ ನಕ್ಕಳು. ಆಮೇಲೆ ನನ್ನ ಮುಖ ನೋಡಿ, "ಸಾರಿ, ಮೆಹರ್" ಎಂದಳು. ನಾನೂ ನಕ್ಕೆ. ಅಳುವುದಕ್ಕಿಂತ ಅದು ಸುಲಭವಾಗಿತ್ತು.

ಅನ್ಯಾಯವಂತೂ ಎದ್ದು ಕಾಣುತ್ತಿತ್ತು. ಆ ಅಣೆಕಟ್ಟು ಬರೀ ಕರೆಂಟಿಗಾಗಿ ಕಟ್ಟಿದ್ದಲ್ಲ. ಪ್ರವಾಹ ತಡೆಯುವುದಕ್ಕೆ, ಹಡಗುಗಳ ಓಡಾಟಕ್ಕೆ, ಪೇಟೆಗಳ ಕುಡಿಯುವ ನೀರಿಗೆ, ಶನಿವಾರ ದೋಣಿ ಬಿಡುವವರಿಗೆ, ಎಲ್ಲರಿಗೂ ಬೇಕಾದದ್ದು. ಅದು ಒಡೆದರೆ ಮುಳುಗುವವರು ಕೆಳಗಿನ ಲಕ್ಷಾಂತರ ಜನ. ಕಾವಲು ಅವರೆಲ್ಲರಿಗೂ, ಖರ್ಚು ಮಾತ್ರ ನಮ್ಮ ಹತ್ತು ಊರುಗಳಿಗೆ. ದೇಶವನ್ನು ಕಾಯುವ ಖರ್ಚನ್ನು ಒಂದು ಚಿಕ್ಕ ಊರಿನ ಮುದುಕಿಯ ಫ್ರಿಜ್ಜಿನ ಬಿಲ್ಲಿಗೆ ಹಾಕುವುದು ಯಾವ ನ್ಯಾಯ?

ಖರ್ಚಿನ ವಿವರ ಕೊಡಿ ಎಂದು ಬರೆದೆ. ಭದ್ರತೆಯ ವಿಷಯ, ಗುಟ್ಟಿನದು, ಅನುಮತಿ ಪಡೆದವರು ಮಾತ್ರ ನೋಡಬಹುದು ಎಂದು ಉತ್ತರ ಬಂತು. ಅನುಮತಿಗೆ ಅಪ್ಲೈ ಮಾಡಿದೆ. ಹತ್ತು ಬೆರಳಿನ ಗುರುತು ಕೊಟ್ಟೆ, ಹರಿಹರದ ಶಾಲೆಯ ಹೆಸರಿನಿಂದ ಹಿಡಿದು ಎಲ್ಲ ತುಂಬಿದೆ. ವಾರಕ್ಕೊಮ್ಮೆ ಫೋನ್ ಮಾಡಿದಾಗ ಒಂದೇ ಮಾತು: "ಪರಿಶೀಲನೆಯಲ್ಲಿದೆ." ವಿವರ ಕಾಣದೆ ವಾದ ಬರೆಯಬೇಕು, ವಿವರ ಕೇಳಿದರೆ ನೀನು ಯಾರು ಎಂಬ ಪ್ರಶ್ನೆ. ಆ ಚಳಿಗಾಲವೆಲ್ಲ ಹಳೆಯ ಕಡತಗಳಿಂದಲೇ ಅಕ್ಷರ ಅಕ್ಷರ ಹೆಕ್ಕಿ ಇಪ್ಪತ್ತೆರಡು ಪುಟ ಬರೆದೆ.

ನನ್ನ ಗಂಡ ಇಕ್ಬಾಲ್ ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್. ನಮ್ಮ ಪೌರತ್ವದ ಅರ್ಜಿ ಆಗ ಇನ್ನೂ ಬಾಕಿ ಇತ್ತು. ಅಣೆಕಟ್ಟಿನ ಕಾವಲಿಗೆ ದುಡ್ಡು ಕೊಡುವುದಿಲ್ಲ ಎಂದು ಸರ್ಕಾರದೊಡನೆ ಹಟ ಹಿಡಿಯಲು ಈ ವರ್ಷವೇ ಸಿಕ್ಕಿತೇ, ಈ ಹೆಸರಿಟ್ಟುಕೊಂಡು ನೀನೇ ಆಗಬೇಕೇ ಎಂದು ಮನೆಯ ಉರ್ದುವಿನಲ್ಲಿ ಮೆಲ್ಲಗೆ ಕೇಳಿದರು. ಅವರು ಹೆದರಿದ್ದರು. ನನಗೂ ಹೆದರಿಕೆ ಇತ್ತು. ಆದರೆ ಕಾವಲು ಬೇಡ ಎಂದು ನಾನು ಒಂದು ಕಡೆಯೂ ಬರೆದಿರಲಿಲ್ಲ. ಕಾಯಿರಿ, ಎಲ್ಲರೂ ಸೇರಿ ಕೊಡೋಣ ಎಂದಷ್ಟೇ ಬರೆದಿದ್ದೆ. ಇಪ್ಪತ್ತೆರಡು ಪುಟ ಓದುವ ತಾಳ್ಮೆ ಯಾರಿಗಿತ್ತು?

ಫೆಬ್ರವರಿಯಲ್ಲಿ ನಮ್ಮ ಆಫೀಸಿಗೆ ಹತ್ತಿರದ ಓಕ್ ಬ್ರೂಕ್‌ನ ಒಂದು ಹೋಟೆಲಿನಲ್ಲಿ ಮಂಡಳಿಯ ಸಭೆ. ಹಿಂದಿನ ದಿನ ಸುರಿದ ಹಿಮ ಪಾರ್ಕಿಂಗಿನ ಮೂಲೆಯಲ್ಲಿ ಗುಡ್ಡೆಯಾಗಿ ಕಪ್ಪುಗಟ್ಟಿತ್ತು. ನಾನು ಬರೆದದ್ದನ್ನು ಎಲ್ಲರೂ ಹೊಗಳಿದರು. ಅಷ್ಟೊಂದು ಹೊಗಳುವಾಗಲೇ ನನಗೆ ಅನುಮಾನ ಬಂತು. ಹೆರಾಲ್ಡ್ ಪೆನ್ನನ್ನು ಮೇಜಿನ ಮೇಲೆ ಆ ಕಡೆ ಈ ಕಡೆ ಉರುಳಿಸುತ್ತಿದ್ದ.

"ಮೆಹರ್, ಮಾರ್ಚಿನಲ್ಲಿ ಆನ್ ಆರ್ಬರ್‌ನಲ್ಲಿ ಇಲಾಖೆಯವರು ಅಹವಾಲು ಕೇಳ್ತಾರಲ್ಲ, ಅಲ್ಲಿ ನಮ್ಮ ಪರವಾಗಿ ವಕೀಲರು ಓದಿದರೆ ಹೇಗೆ?"

"ಪ್ರತಿ ಸಲ ನಾನೇ ಓದೋದು."

"ಹೌದು. ಈ ಸಲ..."

"ಈ ಸಲ ಏನು?"

ಅವನು ನನ್ನ ಮುಖ ನೋಡಲಿಲ್ಲ. "ಈ ಸಲ ಜನ ಮಾತು ಕೇಳಲ್ಲ, ಮಾತಾಡೋರನ್ನ ನೋಡ್ತಾರೆ. ಇದು ಸರಿ ಅಂತ ನಾನು ಹೇಳ್ತಿಲ್ಲ. ನಮ್ಮ ಊರುಗಳು ಗೆಲ್ಲಬೇಕು, ಅಷ್ಟೇ."

ನಾನು ಎದ್ದು ಹೋಗಬೇಕಿತ್ತು, ಇಲ್ಲವೇ ಮೇಜು ಕುಟ್ಟಬೇಕಿತ್ತು. ಎರಡನ್ನೂ ಮಾಡಲಿಲ್ಲ. ಅವನ ಲೆಕ್ಕಾಚಾರ ತಪ್ಪಲ್ಲ ಎಂದು ನನ್ನ ಬುದ್ಧಿಯೂ ಹೇಳುತ್ತಿತ್ತು. "ಸರಿ" ಎಂದೆ. ಡೆಟ್ರಾಯಿಟ್‌ನಿಂದ ಗ್ರೆಗ್ ಎಂಬ ವಕೀಲನನ್ನು ಗೊತ್ತುಮಾಡಿದರು. ಒಳ್ಳೆಯ ಕಂಠ, ಒಳ್ಳೆಯ ಸೂಟು. ಮೂರು ಸಲ ಅವನನ್ನು ಕೂಡಿಸಿಕೊಂಡು ವಿವರಿಸಿದೆ. ಮೂರು ಸಲವೂ, "ಅರ್ಥವಾಯ್ತು, ತೀರಾ ಸರಳ" ಎಂದ. ಸರಳವಾಗಿದ್ದರೆ ನನಗೆ ಇಪ್ಪತ್ತೆರಡು ಪುಟ ಯಾಕೆ ಬೇಕಾಗುತ್ತಿತ್ತು?

ಆನ್ ಆರ್ಬರ್‌ಗೆ ಹೋದಾಗಲೆಲ್ಲ ನಾನು ಉಳಿಯುತ್ತಿದ್ದುದು ಧಾರವಾಡದ ಶಿವಲೀಲಾಳ ಮನೆಯಲ್ಲಿ. ಗಂಡ ಆಸ್ಪತ್ರೆಯಲ್ಲಿ ಡಾಕ್ಟರು, ಅವಳು ಯೂನಿವರ್ಸಿಟಿಯ ಲೈಬ್ರರಿಯಲ್ಲಿ ಕೆಲಸಕ್ಕಿದ್ದಳು. ಅಹವಾಲಿನ ದಿನ ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆ ಮುಂದಿಟ್ಟು ಎದುರಿಗೆ ಕೂತಳು.

"ಅಲ್ರೀ ಮೆಹರಕ್ಕಾ, ಬರದಾಕಿ ನೀವು. ಅಂವ ಯಾಕ ಓದಬೇಕು?"

"ಬೋರ್ಡ್‌ನೋರು ತೀರ್ಮಾನ ಮಾಡಿದಾರೆ."

"ನೀವು ಹೂಂ ಅಂದ್ರಿ?"

"ಅಂದೆ."

"ಯಾಕ ಅಂದ್ರಿ?"

"ಗೆಲ್ಲಲಿ ಅಂತ."

"ಗೆದ್ರ ಛಲೋ ಆತು. ಸೋತ್ರ? ಸೋತ್ರ ಕೇಸೂ ಹೋತು, ನೀವೂ ಹೋದ್ರಿ."

ನಾನು ಉಪ್ಪಿಟ್ಟಿಗೆ ಕೈ ಹಾಕಿದೆ. ಅವಳ ಮಗಳು ಮೆಟ್ಟಿಲಿಳಿದು ಬಂದು, "ಆಂಟಿ, ಗುಡ್ ಲಕ್ ಟುಡೇ" ಎಂದು ಬ್ಯಾಗು ಹೆಗಲಿಗೇರಿಸಿ ಓಡಿದಳು. ಹೊರಗೆ ಮಳೆಯೂ ಅಲ್ಲದ ಹಿಮವೂ ಅಲ್ಲದ್ದು ಸುರಿಯುತ್ತಿತ್ತು.

ಅಹವಾಲು ನಡೆದದ್ದು ಹೆದ್ದಾರಿಯ ಪಕ್ಕದ ಹೋಟೆಲಿನ ದೊಡ್ಡ ಹಾಲಿನಲ್ಲಿ. ಮುಂದೆ ಇಲಾಖೆಯ ಮೂವರು ಅಧಿಕಾರಿಗಳು, ಬದಿಯಲ್ಲಿ ಎಲ್ಲವನ್ನೂ ಟೈಪ್ ಮಾಡಿಕೊಳ್ಳುವ ಹೆಂಗಸು, ಮಾತಾಡುವವರ ಮುಂದೆ ಹಸಿರು, ಹಳದಿ, ಕೆಂಪು ದೀಪದ ಚಿಕ್ಕ ಪೆಟ್ಟಿಗೆ. ಸಂಘಗಳಿಗೆ ಹದಿನೈದು ನಿಮಿಷ, ಬಿಡಿ ಜನರಿಗೆ ಮೂರು. ನಾನು ಮೂರನೆಯ ಸಾಲಿನಲ್ಲಿ, ಹೆರಾಲ್ಡನ ಪಕ್ಕದಲ್ಲಿ ಕೂತೆ.

ಗ್ರೆಗ್ ಚೆನ್ನಾಗಿಯೇ ಓದಿದ. ನನ್ನ ವಾಕ್ಯಗಳು ಅವನ ಕಂಠದಲ್ಲಿ ಹೆಚ್ಚು ತೂಕದವಾಗಿ ಕೇಳಿ ನನಗೆ ಹೊಟ್ಟೆಕಿಚ್ಚಾಯಿತು. ಓದಿ ಮುಗಿಸಿದ ಮೇಲೆ ನಡುವೆ ಕೂತಿದ್ದ ಅಧಿಕಾರಿ ಕನ್ನಡಕ ತೆಗೆದು ಕೇಳಿದ.

"ಪ್ರವಾಹ ತಡೆ, ಹಡಗು, ವಿದ್ಯುತ್ತು. ಕಾವಲಿನ ಖರ್ಚನ್ನ ಇವುಗಳ ನಡುವೆ ಯಾವ ಆಧಾರದ ಮೇಲೆ ಹಂಚಬೇಕು ಅಂತೀರಿ?"

ಉತ್ತರ ಹದಿನಾಲ್ಕನೆಯ ಪುಟದಲ್ಲಿತ್ತು. ಅಣೆಕಟ್ಟು ಕಟ್ಟುವಾಗ ಸರ್ಕಾರವೇ ಮಾಡಿದ್ದ ಹಂಚಿಕೆ ಒಂದಿತ್ತು. ಅದರಲ್ಲಿ ವಿದ್ಯುತ್ತಿನ ಪಾಲು ಎಲ್ಲಕ್ಕಿಂತ ಚಿಕ್ಕದು. ಅದನ್ನೇ ಇಲ್ಲಿಗೂ ಅನ್ವಯಿಸಿ ಎಂಬುದೇ ನಮ್ಮ ವಾದದ ಬುಡ. ಗ್ರೆಗ್ ಹಾಳೆ ತಿರುವಿದ. ಮತ್ತೆ ತಿರುವಿದ. ನಾನು ಚೀಟಿ ಬರೆದು ಮುಂದಿನ ಸಾಲಿಗೆ ದಾಟಿಸಿದೆ. ಚೀಟಿ ಅವನನ್ನು ಮುಟ್ಟುವ ಮೊದಲೇ ಅವನು ನಗುಮುಖ ಮಾಡಿ ಹೇಳಿಬಿಟ್ಟ.

"ಅಣೆಕಟ್ಟಿನ ಸುರಕ್ಷತೆಗೆ ನ್ಯಾಯವಾದ ಖರ್ಚನ್ನ ಹೊರೋದಕ್ಕೆ ನಮ್ಮ ಸದಸ್ಯರು ಯಾವಾಗಲೂ ಸಿದ್ಧರಿದ್ದಾರೆ, ಸರ್."

ಅಧಿಕಾರಿ ತಲೆದೂಗಿದ. ಟೈಪ್ ಮಾಡುವ ಹೆಂಗಸಿನ ಬೆರಳು ಓಡಿದವು. ನ್ಯಾಯವಾದದ್ದು ಎಷ್ಟೆಂದು ಅವರೇ ತೀರ್ಮಾನಿಸುವವರು. ಅವರ ಕೈಗೇ ಅಳತೆಗೋಲು ಕೊಟ್ಟಾಗಿತ್ತು. ಹೆರಾಲ್ಡ್ ನನ್ನ ಕಡೆ ತಿರುಗುವಷ್ಟರಲ್ಲಿ ನಾನು ಎದ್ದು ನಿಂತಿದ್ದೆ.

ಬಿಡಿ ಜನರ ಸಾಲಿಗೆ ಹೋಗಿ ನಿಂತು, ನಾಲ್ಕು ಮಂದಿಯಾದ ಮೇಲೆ ಮೈಕಿನ ಮುಂದೆ ಬಂದೆ. ದಾಖಲೆಗಾಗಿ ಹೆಸರು ಹೇಳಿ ಎಂದರು. ಹೇಳಿದೆ. ಅಕ್ಷರ ಅಕ್ಷರವಾಗಿ ಹೇಳಿ ಎಂದರು. ಎಂ, ಇ, ಎಚ್, ಆರ್ ಎಂದು ಶುರುಮಾಡಿದೆ. ಮೊಹಮ್ಮದ್‌ಗೆ ಬಂದಾಗ ಹಾಲಿನಲ್ಲಿ ಕುರ್ಚಿಗಳು ಅಲುಗಿದ ಸದ್ದು ಕೇಳಿತು. ಗೌಸ್ ಎಂಬುದನ್ನು ಆ ಹೆಂಗಸು ಎರಡು ಸಲ ಕೇಳಿದಳು. ಅಷ್ಟರಲ್ಲಿ ಹಸಿರು ಹೋಗಿ ಹಳದಿ ದೀಪ ಹತ್ತಿತ್ತು.

ಹದಿನಾಲ್ಕನೆಯ ಪುಟವನ್ನು ಒಂದೇ ಉಸಿರಿಗೆ ಹೇಳಿದೆ. ಅರ್ಧಕ್ಕೆ ಕೆಂಪು ಬಂತು. ಹಿಂದಿನಿಂದ ಯಾರೋ, ದೋಣಿ ಕ್ಲಬ್ಬಿನ ಟೋಪಿ ಹಾಕಿದ್ದವನು, ಎದ್ದೇ ಕೇಳಿದ.

"ಅಂದ್ರೆ ಅಣೆಕಟ್ಟಿಗೆ ಕಾವಲು ಬೇಡ ಅಂತೀಯೇನಮ್ಮಾ ನೀನು?"

"ಬೇಕು" ಎಂದೆ. "ಕಾಯಲಿ. ಅಣೆಕಟ್ಟಿನ ಕೆಳಗೆ ಇರೋರೆಲ್ಲ ಸೇರಿ ಕೊಡೋಣ. ನಿಮ್ಮ ದೋಣೀನೂ ಆ ನೀರಲ್ಲೇ ಇದೆ."

ಒಂದಿಬ್ಬರು ನಕ್ಕರು. ಅಧಿಕಾರಿ, "ಧನ್ಯವಾದ, ಗಮನಕ್ಕೆ ತೆಗೆದುಕೊಂಡಿದ್ದೇವೆ" ಎಂದ. ಹಾಲಿನ ಹೊರಗೆ ಗ್ರೆಗ್ ನನ್ನ ಕೈ ಕುಲುಕಿ, "ಚೆನ್ನಾಗಾಯ್ತು ಅಲ್ವಾ?" ಎಂದ. ಅವನಿಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ. ನಾನು ಕಾರಿನಲ್ಲಿ ಕೂತು ಹೆದ್ದಾರಿಯಿಂದ ಇಳಿಯುವ ಒಂದು ಎಕ್ಸಿಟ್ ತಪ್ಪಿಸಿಕೊಂಡು, ಮತ್ತೊಂದು ತಪ್ಪಿಸಿಕೊಂಡು, ಶಿಕಾಗೋ ದಾರಿ ಹಿಡಿಯುವಷ್ಟರಲ್ಲಿ ನಲವತ್ತು ಮೈಲಿ ಸುತ್ತಾಗಿತ್ತು.

ತೀರ್ಪು ಬಂದದ್ದು ಜುಲೈನಲ್ಲಿ. ಹೊರಗೆ ಫ್ಯಾರನ್‌ಹೀಟಿನ ತೊಂಬತ್ತೈದು ಡಿಗ್ರಿ ಸೆಕೆ. ಆಫೀಸಿನ ಏಸಿ ಕೆಟ್ಟಿತ್ತು. ಖರ್ಚೆಲ್ಲ ಕರೆಂಟ್ ದರಕ್ಕೇ ಸೇರುತ್ತದೆ ಎಂದಿತ್ತು. ಕಾರಣಗಳ ಪಟ್ಟಿಯ ಮೊದಲನೆಯದೇ ಇದು: ಗ್ರಾಹಕರ ಪ್ರತಿನಿಧಿಯೇ ಈ ಹೊಣೆಯನ್ನು ಒಪ್ಪಿಕೊಂಡಿದ್ದಾರೆ. ಜೊತೆಗೆ ಅಹವಾಲಿನ ಪೂರ್ತಿ ದಾಖಲೆ ಕಳಿಸಿದ್ದರು. ನನ್ನ ಮೂರು ನಿಮಿಷವನ್ನು ಹುಡುಕಿದೆ. ಇತ್ತು. ಮಾತಾಡಿದವರು ಎಂಬಲ್ಲಿ, "ಸಭಿಕರಲ್ಲಿ ಒಬ್ಬ ಮಹಿಳೆ" ಎಂದು ಬರೆದಿದ್ದರು.

ಅಷ್ಟೊಂದು ಅಕ್ಷರ ಒಂದೊಂದಾಗಿ ಹೇಳಿದ್ದೆ. ಇನ್ನೊಮ್ಮೆ ಓದಿದೆ. ಡೋನಾಳಿಗೆ ತೋರಿಸಲು ಮನಸ್ಸಾಗಲಿಲ್ಲ.

ಎರಡು ದಿನದ ಮೇಲೆ ಹೆರಾಲ್ಡ್ ಫೋನೂ ಮಾಡದೆ ಐದು ಗಂಟೆ ಡ್ರೈವ್ ಮಾಡಿಕೊಂಡು ಬಂದ. ಬೆನ್ನಿನ ಅಂಗಿ ಪೂರ್ತಿ ಒದ್ದೆಯಾಗಿತ್ತು. ಕುರ್ಚಿ ತೋರಿಸಿದರೂ ಕೂರದೆ ನಿಂತೇ ಹೇಳಿದ.

"ನಾನು ಸೋಲಿಸಿದೆ, ಮೆಹರ್. ಗ್ರೆಗ್ ಅಲ್ಲ, ನಾನು. ನೀವು ಓದಿದ್ದಿದ್ರೆ ಆ ಪ್ರಶ್ನೆಗೆ ಉತ್ತರ ಸಿಗ್ತಿತ್ತು."

ಈ ಮಾತಿಗಾಗಿ ಐದು ತಿಂಗಳು ಕಾದಿದ್ದೆ. ಇದನ್ನು ಕೇಳಿದ ದಿನ ಏನೇನು ಹೇಳಬೇಕೆಂದು ಕಾರಿನಲ್ಲಿ, ಸ್ನಾನದ ಮನೆಯಲ್ಲಿ, ಅಂಗಡಿಯ ಸಾಲಿನಲ್ಲಿ ನಿಂತು ಮನಸ್ಸಿನಲ್ಲೇ ಆಡಿಕೊಂಡಿದ್ದೆ. ಆದರೆ ಅವನ ತಪ್ಪೊಪ್ಪಿಗೆಯಿಂದ ನಮ್ಮ ಊರುಗಳ ಒಂದು ಮನೆಯ ಬಿಲ್ಲೂ ಇಳಿಯುವಂತಿರಲಿಲ್ಲ. ಅವನು ಕ್ಷಮೆ ಕೇಳಿ ಹಗುರಾಗಿ ಹೋಗಿಬಿಡುತ್ತಾನೆ, ನಾನು ಇಲ್ಲಿ ಕೂತಿರುತ್ತೇನೆ ಎನ್ನಿಸಿ ಸಿಟ್ಟು ಇನ್ನೂ ಏರಿತು.

"ಮೇಲ್ಮನವಿಗೆ ಇನ್ನೂ ಟೈಮ್ ಇದೆ" ಎಂದೆ. "ಕೂತ್ಕೊಳ್ಳಿ. ಕೆಲಸ ಮಾಡೋಣ."

ಅಂದು ಮಧ್ಯಾಹ್ನ, ಮರುದಿನ, ಅದರ ಮರುದಿನ. ಅವನು ಹತ್ತಿರದ ಮೋಟೆಲಿನಲ್ಲಿ ಉಳಿದ. ಮಡಚದ ಎರಡು ಬೆರಳಿನ ಆ ಕೈಯಲ್ಲೇ ಹಳೆಯ ಕಡತಗಳನ್ನೆಲ್ಲ ಇಳಿಸಿ ಕೊಟ್ಟ. ಡೋನಾ ಟೈಪ್ ಮಾಡಿದಳು. ನಾವಿಬ್ಬರೂ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಮೂರನೆಯ ದಿನ ಕೊನೆಯ ಹಾಳೆ ಬಂತು, ಸಹಿಯ ಹಾಳೆ. ಸಂಘದ ಪರವಾಗಿ ಎಂಬ ಮಾತಿನ ಕೆಳಗೆ ಗೆರೆಯೊಂದಿತ್ತು. ಪ್ರತಿ ಸಲ ಆ ಗೆರೆಯ ಕೆಳಗೆ ಅಧ್ಯಕ್ಷರ ಹೆಸರು ಟೈಪ್ ಆಗುತ್ತಿತ್ತು.

"ಇಲ್ಲಿ ಯಾರ ಹೆಸರು?" ಡೋನಾ ಕೇಳಿದಳು.

ಹೆರಾಲ್ಡ್ ನನ್ನನ್ನು ನೋಡಿದ. ಈ ಸಲ ಕಣ್ಣು ತಪ್ಪಿಸಲಿಲ್ಲ.

"ಅವರದು. ಪೂರ್ತಿ ಹೆಸರು."

ಡೋನಾ ಟೈಪ್ ಮಾಡಿ, ಸ್ವಲ್ಪ ಮುಜುಗರದಿಂದ, "ಗೆರೆ ಸಾಲ್ತಿಲ್ಲ, ಮೆಹರ್. ಹೆಸರು ಆಚೆ ಹೋಗ್ತಿದೆ. ಚಿಕ್ಕದು ಮಾಡ್ಲಾ?" ಎಂದಳು.

"ಗೆರೆ ಉದ್ದ ಮಾಡು" ಎಂದೆ.

ಸಂಘದಲ್ಲಿ ಇನ್ನೆರಡು ವರ್ಷ ಇದ್ದೆ. ಖರ್ಚಿನ ವಿವರ ನೋಡುವ ಅನುಮತಿ ನಾನು ಬಿಡುವವರೆಗೂ ಪರಿಶೀಲನೆಯಲ್ಲೇ ಇತ್ತು. ಪೌರತ್ವ ತಡವಾಗಿ ಬಂತು. ಇಕ್ಬಾಲ್ ಅಂದು ಇಡೀ ರಸ್ತೆಗೆ ಮಿಠಾಯಿ ಹಂಚಿದರು. ಹೆರಾಲ್ಡ್ ನಿವೃತ್ತನಾದ. ಅವನ ಮೇಲಿನ ಸಿಟ್ಟು ಪೂರ್ತಿ ಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ.

ಮೇಲ್ಮನವಿಗೆ ಉತ್ತರ ಬಂದದ್ದು 2002ರ ನವೆಂಬರಿನಲ್ಲಿ, ನನ್ನ ಹೆಸರಿಗೆ, ಒಂದೇ ಹಾಳೆ. ಹೆಸರಿನ ಒಂದಕ್ಷರವೂ ತಪ್ಪಿರಲಿಲ್ಲ. ನಮ್ಮ ವಿನಂತಿಯನ್ನು ತಿರಸ್ಕರಿಸಿದ್ದರು.